ಪಂಚೆ ಉಟ್ಕೊಂಡು ಆಫೀಸಿಗೆ

(1/6)
ಹೋದ ತಿಂಗಳು ಒಂದು ಮಂಗಳವಾರ ನಾನು ಪಂಚೆ ಉಟ್ಕೊಂಡು ಆಫೀಸಿಗೆ ಹೋದೆ. ಹಬ್ಬ ಇರ್ಲಿಲ್ಲ, ಮದುವೆ ಇರ್ಲಿಲ್ಲ, ಕಾಲೇಜಿನ ಎಥ್ನಿಕ್ ಡೇ ಕೂಡ ಅಲ್ಲ. ಬಿಕಾಂ ಇಂಟರ್ನ್‌ಶಿಪ್ ಅಂತ ಹಾಸನದ ಒಬ್ಬ ಆಡಿಟರ್ ಆಫೀಸಲ್ಲಿ ಕೂತು ಬಿಲ್ ಎಂಟ್ರಿ ಮಾಡ್ತಿದೀನಿ, ಅದೇ ಆಫೀಸು.

ಕಾರಣ ಕೇಳಿದ್ರೆ ನಗ್ತೀರ. ಫ್ರೆಂಡ್ ಒಬ್ಬ ರೀಲ್ ಕಳ್ಸಿದ್ದ. ಸ್ಕಾಟ್ಲೆಂಡ್ ಮೂಲದವನೊಬ್ಬ ಮೊದಲ ಸಲ ಕಿಲ್ಟ್ ಹಾಕ್ಕೊಂಡು ಆಫೀಸಿಗೆ ಹೋಗ್ತಾನೆ, ಎಲ್ಲರೂ ಏನಂತಾರೋ ಅಂತ ಬೆವರ್ತಾ ಇರ್ತಾನೆ. ಕೆಳಗೆ ಫ್ರೆಂಡು ಬರೆದಿದ್ದ: "ನೀನು ಪಂಚೇಲಿ ಹೋಗ್ತೀಯಾ? ಧಮ್ ಇದ್ಯಾ?" ಇದ್ಯೋ ಇಲ್ವೋ, ತಾತನ ಪಂಚೆಯಂತೂ ಬೀರುವಲ್ಲಿ ಇತ್ತು. ಮೊದಲನೇ ಫೋಟೋದಲ್ಲಿ ಇರೋದು ಅದೇ, ಕೆಂಪು ಅಂಚಿಂದು. ವೆಲ್ಕ್ರೋ ಪಂಚೆ ಅಲ್ಲ ಸ್ವಾಮಿ, ಅಜ್ಜಿ ಎರಡು ಸಲ ಉಡಿಸಿ ತೋರಿಸಿದ್ರು, ಮೂರನೇ ಸಲ ನಾನೇ ಉಟ್ಟೆ.

ಅರಕಲಗೂಡು ಬಸ್ ಸ್ಟ್ಯಾಂಡಲ್ಲಿ ಒಬ್ರೂ ತಿರುಗಿ ನೋಡ್ಲಿಲ್ಲ. ನೋಡೋದಕ್ಕೇನಿದೆ, ಬಸ್ಸಲ್ಲಿ ನನ್ನ ಪಕ್ಕದವರೂ ಪಂಚೇಲೇ ಇದ್ರು. ಹಾಸನದಲ್ಲಿ ಇಳಿದಾಗ್ಲೂ ಅಷ್ಟೆ. ಶುರುವಾಗಿದ್ದು ಆಫೀಸ್ ಬಾಗಿಲಲ್ಲಿ. "ಏನೋ, ಯಾರ ಮದ್ವೆಗೆ ಹೊರಟೆ?" ಅಂದ್ರು ಸೀನಿಯರ್ ಅಕ್ಕ. ಅಲ್ಲಿ ಆಮೇಲೆ ಆಗಿದ್ದನ್ನ ಕೊನೇಲಿ ಹೇಳ್ತೀನಿ. ಮೊದಲು ಆ ಕಿಲ್ಟಿನ ಕಥೆ ಕೇಳಿ, ಅದು ನಮ್ಮ ಪಂಚೆಗೆ ದೂರದ ನೆಂಟ.

(2/6)
ಕಿಲ್ಟ್‌ಗೆ ಶುರುವಲ್ಲಿ ಹೊಲಿಗೆನೇ ಇರ್ಲಿಲ್ಲ. ಒಂದು ಉದ್ದನೆ ಉಣ್ಣೆ ಬಟ್ಟೆ. ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿ ಬೆಲ್ಟ್ ಬಿಗಿಯೋದು, ಮಿಕ್ಕಿದ್ದನ್ನ ಹೆಗಲಿಗೆ ಹಾಕೋದು. ರಾತ್ರಿ ಮಲಗುವಾಗ ಅದೇ ಹೊದಿಕೆ. ನಮ್ಮ ಕಡೆ ಪಂಚೆ, ಕಂಬಳಿ ಎರಡೂ ಮಾಡೋ ಕೆಲಸವನ್ನ ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಒಂದೇ ಬಟ್ಟೇಲಿ ಮುಗಿಸ್ತಿದ್ರು.

ಈಗ ನಾವು ನೋಡೋ ಮೊಣಕಾಲುದ್ದದ ಕಿಲ್ಟ್ ಬಗ್ಗೆ ಬಹಳ ಜನ ಹೇಳೋ ಕಥೆ ಒಂದಿದೆ. 1720ರ ದಶಕದಲ್ಲಿ ಥಾಮಸ್ ರಾಲಿನ್ಸನ್ ಅನ್ನೋ ಇಂಗ್ಲಿಷ್ ಉದ್ಯಮಿ ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸ್ತಿದ್ದ. ಅಷ್ಟುದ್ದ ಬಟ್ಟೆ ಸುತ್ಕೊಂಡು ಬೆಂಕಿ ಹತ್ರ ಕೆಲಸ ಮಾಡೋಕಾಗಲ್ಲ ಅಂತ ಮೇಲಿನ ಭಾಗ ತೆಗೆದು ಕೆಳಗಿನ ಅರ್ಧ ಮಾತ್ರ ಉಳಿಸ್ದ ಅಂತ. ಅವನಿಗೂ ಮೊದಲೇ ಹಾಗೆ ಉಡ್ತಿದ್ರು ಅಂತ ವಾದ ಮಾಡೋರೂ ಇದಾರೆ. ರಾಲಿನ್ಸನ್ ಕಥೆನೇ ನಿಜವಾದ್ರೆ ಮಜಾ ನೋಡಿ, ಆಫೀಸಿಗೆ ಹಾಕ್ಕೊಂಡು ಹೋಗೋಕೆ ಆ ರೀಲ್ ಹುಡುಗ ಹೆದರಿದ ಕಿಲ್ಟು ಹುಟ್ಟಿದ್ದೇ ಕೆಲಸದ ಜಾಗದಲ್ಲಿ!

1746ರಲ್ಲಿ ಕಲೋಡನ್ ಯುದ್ಧದಲ್ಲಿ ಗುಡ್ಡಗಾಡಿನ ಬಂಡುಕೋರರು ಸೋತರು. ಬ್ರಿಟಿಷ್ ಸರ್ಕಾರ ಅವರ ಆಯುಧದ ಜೊತೆ ಬಟ್ಟೆಗೂ ಕೈ ಹಾಕ್ತು. ಗಂಡಸರು, ಹುಡುಗರು ಕಿಲ್ಟ್ ಉಡೋ ಹಾಗಿಲ್ಲ ಅಂತ ಕಾನೂನು. ಮೊದಲ ತಪ್ಪಿಗೆ ಆರು ತಿಂಗಳು ಜೈಲು, ಎರಡನೇದಕ್ಕೆ ಏಳು ವರ್ಷ ಗಡೀಪಾರು. ಒಂದೇ ಒಂದು ವಿನಾಯಿತಿ: ರಾಜನ ಸೈನ್ಯಕ್ಕೆ ಸೇರಿದ್ರೆ ಉಡಬಹುದು. ಹೊಲದಲ್ಲಿ ಉಟ್ರೆ ಅಪರಾಧ, ರಾಜನ ಪರವಾಗಿ ಸಾಯೋಕೆ ಹೋಗುವಾಗ ಉಟ್ರೆ ಸಮವಸ್ತ್ರ.

ಆ ಕಾನೂನು ರದ್ದಾಗಿದ್ದು 1782ರಲ್ಲಿ. ಅದಾಗಿ 40 ವರ್ಷಕ್ಕೆ, 1822ರ ಆಗಸ್ಟಲ್ಲಿ, ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಸಮಾರಂಭ ಮಾಡಿಸಿದ. ಯಾವ ಬಟ್ಟೆಗೆ ಜೈಲು ಇತ್ತೋ ಅದನ್ನೇ ರಾಜ ಹಾಕ್ಕೊಂಡ, ಒಳಗೆ ಗುಲಾಬಿ ಬಣ್ಣದ ಕಾಲುಡುಪು ಬೇರೆ. ಅಲ್ಲಿಂದ ಕಿಲ್ಟ್ ಇಡೀ ಸ್ಕಾಟ್ಲೆಂಡಿನ ಗೌರವದ ಉಡುಪಾಯ್ತು.

ನನಗೆ ಬೇಜಾರಾಗಿದ್ದು ಇದರ ಪಕ್ಕದಲ್ಲೇ ಇರೋ ಇನ್ನೊಂದು ವಿಷಯಕ್ಕೆ. ಅದೇ ಕಾಲದಲ್ಲಿ ಜಮೀನ್ದಾರರು ಗುಡ್ಡಗಾಡಿನ ಒಕ್ಕಲು ಮಂದಿಯನ್ನ ಎಬ್ಬಿಸಿ, ಆ ಜಾಗದಲ್ಲಿ ಕುರಿ ಮೇಯಿಸೋಕೆ ಶುರು ಮಾಡಿದ್ರು. ಸದರ್‌ಲ್ಯಾಂಡ್ ಎಸ್ಟೇಟ್ ಒಂದರಲ್ಲೇ ಸಾವಿರಾರು ಜನ ಮನೆ ಬಿಟ್ರು. ಬಟ್ಟೆ ಅರಮನೆಗೆ ಹೋಯ್ತು, ಉಡ್ತಿದ್ದೋರು ಹಡಗು ಹತ್ತಿದ್ರು.

(3/6)
ಈಗ ನಮ್ಮ ಕಡೆಗೆ ಬರೋಣ. ಹಳೇ ಮೈಸೂರು ಸಂಸ್ಥಾನದ ಕಾಲದ ಗುಂಪು ಫೋಟೋ ನೋಡಿದೀರಲ್ಲ, ಕಾಲೇಜು ಮೇಷ್ಟ್ರುಗಳದ್ದು, ಕಚೇರಿ ಗುಮಾಸ್ತರದ್ದು? ತಲೆ ಮೇಲೆ ಪೇಟ, ಮೈಮೇಲೆ ಕತ್ತಿನ ತನಕ ಗುಂಡಿ ಹಾಕಿದ ಕೋಟು, ಕೆಳಗೆ ಬಿಳೀ ಕಚ್ಚೆಪಂಚೆ. ಡಿವಿಜಿ ಅವರನ್ನ ನೆನಪು ಮಾಡ್ಕೊಳ್ಳಿ, ಸಾಕು. ಸೊಂಟದ ಮೇಲೆ ಇಂಗ್ಲಿಷರ ಆಫೀಸು, ಸೊಂಟದ ಕೆಳಗೆ ನಮ್ಮ ಮನೆ. 1912ರಿಂದ 1918ರ ತನಕ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಸೂಟು ಹಾಕಿದ್ರು, ಆದ್ರೆ ಪೇಟ ಬಿಡ್ಲಿಲ್ಲ.

ಅಂದ್ರೆ ಪಂಚೇಲಿ ಆಫೀಸಿಗೆ ಹೋಗೋದು ನಾನು ಕಂಡು ಹಿಡಿದಿದ್ದಲ್ಲ. ನೂರು ವರ್ಷದ ಹಿಂದೆ ಅದು ಮಾಮೂಲಿ. ಆದ್ರೆ ಆ ಫೋಟೋಗಳನ್ನ ಇನ್ನೊಂದು ಸಲ ನೋಡಿ. ಕಚ್ಚೆಪಂಚೆ, ಕೋಟು, ಪೇಟ ಇರೋರೆಲ್ಲ ಕುರ್ಚಿ ಮೇಲೆ ಕೂತಿದಾರೆ. ಹೊಲದಿಂದ ತುಂಡುಪಂಚೇಲಿ ಬಂದು ಕಂದಾಯ ಕಟ್ಟಿ ಹೋದವರು ಆ ಫೋಟೋದಲ್ಲೇ ಇಲ್ಲ.

(4/6)
ಹೊಳೆನರಸೀಪುರದ ವಿಷಯ ತೆಗೆದ್ರೆ ನಮ್ಮ ಜಿಲ್ಲೇಲಿ ಜಗಳ ಗ್ಯಾರಂಟಿ. ಅದಕ್ಕೆ ರಾಜಕೀಯ ಪಕ್ಕಕ್ಕಿಟ್ಟು ಬರೀ ಪಂಚೆ ಬಗ್ಗೆ ಮಾತಾಡ್ತೀನಿ. ಆ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿ, 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದ ಎಚ್.ಡಿ. ದೇವೇಗೌಡ್ರು 1996ರ ಜೂನ್ 1ರಂದು ಪ್ರಧಾನಿ ಆದ್ರು. ಪಂಚೆ ಬಿಡ್ಲಿಲ್ಲ. ದೇಶದ ಅತಿ ದೊಡ್ಡ ಆಫೀಸಿಗೆ ನಮ್ಮ ಪಕ್ಕದ ತಾಲ್ಲೂಕಿನ ಪಂಚೆ ಹೋಯ್ತು. ಅವರೇ ಮೊದಲಿಗರು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಶಾಸ್ತ್ರಿ, ಮೊರಾರ್ಜಿ, ಚರಣ್ ಸಿಂಗ್, ನರಸಿಂಹರಾವ್ ಎಲ್ಲರೂ ಧೋತಿಯವರೇ. ಆದ್ರೂ ಊರಿನವರಿಗೆ ಊರಿನವರು ಊರಿನವರೇ.

ನಮ್ಮಜ್ಜಿಗೆ ಇಸವಿ ನೆನಪಿರಲ್ಲ. "ಗೌಡ್ರು ಡೆಲ್ಲೀಲಿದ್ದ ವರ್ಷ" ಅಂತಾರೆ. ಆ ವರ್ಷ ತಾತ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಕಟ್ಟಿಸೋಕೆ ಸಾಲಕ್ಕೆ ಅಂತ ಒಂದು ಬ್ಯಾಂಕಿಗೆ ಅಲೆದ್ರಂತೆ. ಮೂರು ಸಲ ಹೋದ್ರೂ ಮ್ಯಾನೇಜರ್ ಕೋಣೆ ಬಾಗಿಲು ದಾಟೋಕೆ ಆಗ್ಲಿಲ್ಲ, "ಆಮೇಲೆ ಬಾ" ಅಂತಲೇ ಕಳ್ಸಿದ್ರು. ಊರಿನ ಮೇಷ್ಟ್ರೊಬ್ರು, "ಪ್ಯಾಂಟ್ ಹಾಕ್ಕೊಂಡು ಹೋಗಿ ನೋಡಪ್ಪ" ಅಂದ್ರು. ತಾತ ಅರಕಲಗೂಡಲ್ಲಿ ಒಂದು ಕಂದು ಬಣ್ಣದ ಪ್ಯಾಂಟ್ ಹೊಲಿಸಿ, ಹಾಕ್ಕೊಂಡು ಹೋದ್ರು. ಕುರ್ಚಿ ಸಿಕ್ತು. ಸಾಲಾನೂ ಸಿಕ್ತು. ಪ್ಯಾಂಟಿನಿಂದಲೇ ಸಿಕ್ಕಿತಾ, ನಾಲ್ಕನೇ ಸಲ ಹೋಗಿದ್ದಕ್ಕೆ ಸಿಕ್ಕಿತಾ, ಅಜ್ಜಿಗೂ ಗೊತ್ತಿಲ್ಲ. ತಾತ ಮನೆಗೆ ಬಂದು ಪ್ಯಾಂಟ್ ಬಿಚ್ಚಿ, ಹೊಲದ ಬೆರ್ಚಪ್ಪನಿಗೆ ಹಾಕಿದ್ರು. "ಹಕ್ಕಿನೂ ಮರ್ಯಾದೆ ಕೊಡ್ಲಿ" ಅಂದ್ರಂತೆ.

ಡೆಲ್ಲೀಲಿ ಪಂಚೆಗೆ ಸೆಲ್ಯೂಟ್ ಹೊಡೀತಿದ್ದ ವರ್ಷ ಅದು.

(5/6)
ಇದು ಬೇಗ ಮುಗಿಸ್ತೀನಿ, ನಿಮಗೆ ಗೊತ್ತಿರೋ ಸುದ್ದಿನೇ.

2014ರ ಜುಲೈಯಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡ್ಲಿಲ್ಲ. ಆಗಸ್ಟಲ್ಲಿ ತಮಿಳುನಾಡು ಸರ್ಕಾರ ಕಾನೂನೇ ತಂತು. ಪಂಚೆ ಉಟ್ಟಿದಾರೆ ಅಂತ ಸಾರ್ವಜನಿಕ ಜಾಗದಲ್ಲಿ ತಡೆದ್ರೆ ಒಂದು ವರ್ಷದ ತನಕ ಜೈಲು, 25,000 ರೂಪಾಯಿ ತನಕ ದಂಡ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡೋಕೆ ಬಂದ ಹಾವೇರಿ ಕಡೆಯ ಹಿರಿಯ ರೈತರನ್ನ ಪಂಚೆ ಕಾರಣಕ್ಕೆ ಬಾಗಿಲಲ್ಲೇ ನಿಲ್ಲಿಸಿದ್ರು. ವಿಧಾನಸಭೆಯಲ್ಲಿ ಚರ್ಚೆ ಆಯ್ತು, ಮಾಲನ್ನ ಏಳು ದಿನ ಮುಚ್ಚಿಸ್ತೀವಿ ಅಂತ ಸರ್ಕಾರ ಹೇಳ್ತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರೂ ದಿನಾ ಪಂಚೆ ಉಡೋರೇ. ಅವರು ಆ ಮಾಲಿಗೆ ಹೋಗಿದ್ರೆ ಸೆಕ್ಯೂರಿಟಿಯವ್ನು ಏನು ಮಾಡ್ತಿದ್ದ ಅಂತ ನಾನು ಬರೀಬೇಕಾ?

(6/6)
ಈಗ ನಮ್ಮಾಫೀಸು. ಆ ಮಂಗಳವಾರ ಹನ್ನೊಂದು ಗಂಟೆ ಹೊತ್ತಿಗೆ ಹೊರಗಿನ ಬೆಂಚಲ್ಲಿ ಇಬ್ರು ಕೂತಿದ್ರು, ಇಬ್ರೂ ಪಂಚೇಲಿ. ಒಬ್ರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ, ಹಳೇ ಕ್ಲೈಂಟು. ಅವರ ಪಂಚೆ ಇಸ್ತ್ರಿ ಹಾಕಿದ್ದು, ಗೆರೆ ಬ್ಲೇಡಿನ ಹಾಗಿತ್ತು. ಇನ್ನೊಬ್ರು ವಯಸ್ಸಾದ ರೈತರು. ಬ್ಯಾಂಕಿಗೆ 15ಎಚ್ ಫಾರಂ ಕೊಟ್ಟಿರ್ಲಿಲ್ಲ, ಎಫ್‌ಡಿ ಬಡ್ಡೀಲಿ ಟಿಡಿಎಸ್ ಹಿಡ್ಕೊಂಡಿದ್ರು. ಅದನ್ನ ವಾಪಸ್ ತರಿಸ್ಕೊಳ್ಳೋಕೆ ರಿಟರ್ನ್ ಹಾಕ್ಬೇಕಿತ್ತು. ಅವರ ಪಂಚೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ರೈತರು ಮೊದಲು ಬಂದಿದ್ರು. ವ್ಯಾಪಾರಿಯವರನ್ನ ಸರ್ ಬಾಗಿಲ ತನಕ ಬಂದು "ಬನ್ನಿ ಬನ್ನಿ ಯಜಮಾನ್ರೇ" ಅಂತ ಒಳಗೆ ಕರ್ಕೊಂಡು ಹೋದ್ರು, ಕಾಫಿ ತರಿಸಿದ್ರು. ರೈತರ ಕೆಲಸ ನೋಡೋಕೆ ನನಗೆ ಹೇಳಿದ್ರು. ಅವರು ಎದ್ದು ನನ್ನ ಟೇಬಲ್ ಹತ್ರ ಬರ್ತಾ, ಮೊಣಕಾಲ ತನಕ ಎತ್ತಿ ಕಟ್ಟಿದ್ದ ಪಂಚೆ ಬಿಚ್ಚಿ ಪಾದದ ತನಕ ಇಳಿಬಿಟ್ರು.

ನಮ್ಮ ಕಡೆಯವರಿಗೆ ಇದರ ಅರ್ಥ ಗೊತ್ತು. ದೊಡ್ಡವರು ಎದುರಿಗೆ ಬಂದ್ರೆ ಎತ್ತಿ ಕಟ್ಟಿದ ಪಂಚೆ ಇಳಿಸ್ಬೇಕು. ತಾತ ಮೇಷ್ಟ್ರ ಮುಂದೆ ಇಳಿಸ್ತಿದ್ರು, ಪೊಲೀಸ್ ಕಂಡ್ರೂ ಇಳಿಸ್ತಿದ್ರು. ನನಗೆ ಇಪ್ಪತ್ತು ವರ್ಷ, ಅವರಿಗೆ ಎಪ್ಪತ್ತರ ಮೇಲೆ. ಅವರು ಇಳಿಸಿದ್ದು ನನಗಲ್ಲ, ನನ್ನ ಮುಂದಿದ್ದ ಕಂಪ್ಯೂಟರ್‌ಗೆ. ನಾನು ಎದ್ದು ನಿಂತೆ, ಏನು ಮಾಡ್ಬೇಕು ಅಂತ ತೋಚದೆ. ಆಗ ಅವರು ನನ್ನ ಪಂಚೆ ನೋಡಿದ್ರು. "ಇವತ್ತು ಮನೇಲಿ ಕಾರ್ಯ ಏನಪ್ಪ?" ಅಂದ್ರು.

"ಇಲ್ಲ ತಾತ, ಸುಮ್ನೆ" ಅಂದೆ.

"ಸುಮ್ನೆ ಯಾರಾದ್ರೂ ಆಫೀಸಿಗೆ ಪಂಚೆ ಉಡ್ತಾರಾ?" ಅಂತ ನಕ್ಕು ಕೂತ್ರು. ಪ್ಯಾನ್ ಕಾರ್ಡ್, ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಂದಿದ್ರು. ಹಿಡ್ಕೊಂಡಿದ್ದ ದುಡ್ಡು ವಾಪಸ್ ಬರ್ಬೇಕು ಅವರಿಗೆ.

ಸಂಜೆ ಸರ್ ಕರೆದು, "ಚೆನ್ನಾಗಿ ಕಾಣುತ್ತೆ ಕಣಯ್ಯ, ಆದ್ರೆ ಕ್ಲೈಂಟ್ ಬರೋ ದಿನ ಬೇಡ" ಅಂದ್ರು. ಬೈದಿಲ್ಲ, ನಗ್ತಾನೇ ಹೇಳಿದ್ರು. ಬಂದ ಕ್ಲೈಂಟ್‌ಗಳೂ ಪಂಚೇಲೇ ಇದ್ರು ಅಂತ ನಾಲಿಗೆ ತುದಿಗೆ ಬಂತು, ಹೇಳ್ಲಿಲ್ಲ. ಇಂಟರ್ನ್‌ಶಿಪ್ ಸರ್ಟಿಫಿಕೇಟ್‌ಗೆ ಅವರ ಸಹಿ ಬೇಕು.

ಬುಧವಾರ ಪ್ಯಾಂಟ್ ಹಾಕ್ಕೊಂಡು ಹೋದೆ. ರಾತ್ರಿ ಮಳೆ ಬಂದು ಪಂಚೆ ಒಣಗಿರ್ಲಿಲ್ಲ. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಕೊನೇ ಫೋಟೋದಲ್ಲಿ ತಂತಿ ಮೇಲೆ ಇರೋದು ಅದೇ ಪಂಚೆ, ಪಕ್ಕದಲ್ಲಿರೋ ಕೈ ಅಜ್ಜೀದು.

ಮುಂದಿನ ಕಂತು ಪೇಟದ ಬಗ್ಗೆ.