ಎಸಿ/ಡಿಸಿ: ಲಾರಿಯ ಮೇಲಿಂದ ಜಗತ್ತಿನ ವೇದಿಕೆಗೆ

ಗ್ಲ್ಯಾಸ್ಗೋದಿಂದ ವಲಸೆ ಬಂದ ಮನೆತನದ ಅಣ್ಣತಮ್ಮಂದಿರಾದ ಮಾಲ್ಕಮ್ ಮತ್ತು ಆಂಗಸ್ ಯಂಗ್ 1973ರಲ್ಲಿ ಸಿಡ್ನಿಯಲ್ಲಿ ಕಟ್ಟಿದ ರಾಕ್ ತಂಡ ಎಸಿ/ಡಿಸಿ. ಹೊಲಿಗೆ ಯಂತ್ರದ ಮೇಲೆ ಈ ಹೆಸರನ್ನು ಕಂಡವರು ಅಕ್ಕ ಮಾರ್ಗರೆಟ್. ಆಂಗಸ್ ಶಾಲಾ ಸಮವಸ್ತ್ರದಲ್ಲೇ ಗಿಟಾರ್ ನುಡಿಸಲಿ ಎಂದವರೂ ಅವರೇ.

1976ರ ಫೆಬ್ರವರಿಯಲ್ಲಿ ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯಲ್ಲಿ ತೆರೆದ ಲಾರಿಯೊಂದು ನಿಧಾನವಾಗಿ ಸಾಗಿತು. ಮೇಲೆ ಡ್ರಮ್ಸ್, ಗಿಟಾರ್, ಬ್ಯಾಗ್‌ಪೈಪ್ ಹಿಡಿದ ತಂಡದ ಗಾಯಕ ಬಾನ್ ಸ್ಕಾಟ್. ಸುತ್ತ ಕಣ್ಣರಳಿಸಿ ನೋಡುವ ಜನ. ಅದು ಹಾಡೊಂದರ ಚಿತ್ರೀಕರಣ.

1979ರ ‘ಹೈವೇ ಟು ಹೆಲ್’ ಆಲ್ಬಮ್ ಅಮೆರಿಕದ ಬಾಗಿಲು ತೆರೆಯಿತು. ಮರುವರ್ಷ ಫೆಬ್ರವರಿಯಲ್ಲಿ ಬಾನ್ ಲಂಡನ್ನಿನಲ್ಲಿ ತೀರಿಕೊಂಡರು. ತಂಡ ಎದೆಗುಂದಲಿಲ್ಲ. ಹೊಸ ಗಾಯಕ ಬ್ರಯಾನ್ ಜಾನ್ಸನ್ ಕಂಠದಲ್ಲಿ ಐದೇ ತಿಂಗಳಲ್ಲಿ ಬಂದ ‘ಬ್ಯಾಕ್ ಇನ್ ಬ್ಲ್ಯಾಕ್’ ಗಂಟೆಯ ನಾದದಿಂದ ಶುರುವಾಗುತ್ತದೆ. ಕಪ್ಪು ಮುಖಪುಟ ಅಗಲಿದ ಗೆಳೆಯನ ಶೋಕಕ್ಕೆ. ರಾಕ್ ಸಂಗೀತದಲ್ಲಿ ಇಷ್ಟು ಗಟ್ಟಿಯಾದ ವಿದಾಯ ಅಪರೂಪ.

2004ರಲ್ಲಿ ಮೆಲ್ಬರ್ನ್ ನಗರದ ಕಾರ್ಪೊರೇಷನ್ ಲೇನ್‌ಗೆ ತಂಡದ ಹೆಸರನ್ನೇ ಇಡಲಾಯಿತು.