ಬೆಂಗಳೂರು ವಿಶ್ವವಿದ್ಯಾಲಯ

ಬೆಂಗಳೂರು ವಿಶ್ವವಿದ್ಯಾಲಯ: ಕರ್ನಾಟಕದ ರಾಜಧಾನಿಯಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯ. ಮೈಸೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 1964ರ ಜುಲೈನಲ್ಲಿ ಸ್ಥಾಪನೆಯಾಯಿತು. ಹೀಗೆ ಪಾಲಾಗಿ ಹುಟ್ಟಿದ ಸಂಸ್ಥೆ ಮುಂದೆ ತಾನೂ ಹಲವು ಸಲ ಪಾಲಾಗಿದೆ. ಒಂದು ಕಾಲಕ್ಕೆ ಬೆಂಗಳೂರು ನಗರ, ಗ್ರಾಮಾಂತರ, ಕೋಲಾರ, ತುಮಕೂರು ಸೀಮೆಯ ಕಾಲೇಜುಗಳೆಲ್ಲ ಇದರ ವ್ಯಾಪ್ತಿಯಲ್ಲಿದ್ದವು.

ಸೆಂಟ್ರಲ್ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜು ಇದರ ಎರಡು ಮೂಲ ಆಧಾರಗಳು. ಎರಡೂ ವಿಶ್ವವಿದ್ಯಾಲಯಕ್ಕಿಂತ ಹಳೆಯವು. ಸೆಂಟ್ರಲ್ ಕಾಲೇಜಿನ ಬೇರು 1858ರ ಸರ್ಕಾರಿ ಹೈಸ್ಕೂಲಿನಲ್ಲಿದೆ. ಮೈಸೂರು ವಿಶ್ವವಿದ್ಯಾಲಯ ಆರಂಭವಾಗುವ ತನಕ, ಅಂದರೆ 1916ರವರೆಗೆ, ಅದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ರಾಜಾಜಿ ಇಲ್ಲಿ ಓದಿದವರು, ಸಿ.ಎನ್.ಆರ್. ರಾವ್ ಕೂಡ. ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದೂ ಇಲ್ಲಿಯೇ. ಎಂಜಿನಿಯರಿಂಗ್ ಕಾಲೇಜನ್ನು 1917ರಲ್ಲಿ ಆರಂಭಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಯುವಿಸಿಇ ಎಂದೇ ಊರಿಗೆಲ್ಲ ಪರಿಚಿತವಾದ ಈ ಕಾಲೇಜು ಕೆ.ಆರ್. ವೃತ್ತದಲ್ಲಿದೆ.

ನಗರದ ನಡುವೆ ಜಾಗ ಸಾಲದಾದಾಗ ಮೈಸೂರು ರಸ್ತೆಯಾಚೆ, ನಾಗರಬಾವಿಯ ಕಡೆಗೆ ಸುಮಾರು 1,100 ಎಕರೆ ಜಮೀನು ದೊರೆಯಿತು. 1973ರ ಹೊತ್ತಿಗೆ ಸ್ನಾತಕೋತ್ತರ ವಿಭಾಗಗಳು ಅಲ್ಲಿಗೆ ಹೋಗತೊಡಗಿದವು. ಜ್ಞಾನಭಾರತಿ ಎಂಬ ಈ ಆವರಣ ಆಗ ಊರಾಚೆಯ ಬಯಲು. ಈಗ ಊರೇ ಅದನ್ನು ಸುತ್ತುವರಿದಿದೆ.

ಕುಲಪತಿಗಳ ಸಾಲಿನಲ್ಲಿ ಇಬ್ಬರನ್ನು ಜೊತೆಯಲ್ಲಿಟ್ಟು ನೋಡಬೇಕು. 1966ರಿಂದ 1969ರವರೆಗೆ ವಿ.ಕೃ. ಗೋಕಾಕರು, 1972ರಿಂದ 1977ರವರೆಗೆ ಎಚ್. ನರಸಿಂಹಯ್ಯನವರು. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಪವಾಡಗಳನ್ನು ಸಮಿತಿಯೆದುರು ಮಾಡಿ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ, ವಿವಾದ ಮಾತ್ರ ದೇಶವಿಡೀ ಹಬ್ಬಿತು. ಗೋಕಾಕರಾದರೋ ಅದೇ ಬಾಬಾರ ಭಕ್ತರು. 1981ರಲ್ಲಿ ಬಾಬಾ ಸ್ಥಾಪಿಸಿದ ಉನ್ನತ ವಿದ್ಯಾಸಂಸ್ಥೆಗೆ ಮೊದಲ ಕುಲಪತಿಯಾದರು. ಇಷ್ಟು ದೂರದ ಎರಡು ಮನೋಧರ್ಮಗಳು ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಕುರ್ಚಿಯಲ್ಲಿ ಕುಳಿತದ್ದು ಆ ಕಾಲದ ವಿಶ್ವವಿದ್ಯಾಲಯದ ಉದಾರತೆಯನ್ನೇ ಹೇಳುತ್ತದೆ.

ಕನ್ನಡಕ್ಕೆ ಸಂಬಂಧಿಸಿ ಇದರ ದೊಡ್ಡ ಕೊಡುಗೆ ಕನ್ನಡ ಅಧ್ಯಯನ ಕೇಂದ್ರ. ಜಿ.ಎಸ್. ಶಿವರುದ್ರಪ್ಪನವರು ಕಟ್ಟಿ ಬೆಳೆಸಿದ ಈ ಕೇಂದ್ರದಲ್ಲಿ ಚಂದ್ರಶೇಖರ ಕಂಬಾರ, ಕಿ.ರಂ. ನಾಗರಾಜ, ಡಿ.ಆರ್. ನಾಗರಾಜ್, ಸಿದ್ಧಲಿಂಗಯ್ಯ ಪಾಠ ಹೇಳಿದರು. ನವ್ಯದ ನಂತರದ ಕನ್ನಡ ವಿಮರ್ಶೆಯ ಬಗ್ಗೆ ಬರೆಯುವವರು ಈ ಹೆಸರುಗಳನ್ನು ದಾಟಿ ಹೋಗಲಾರರು.

ಪಾಲಿನ ಕಥೆ ಶುರುವಾದದ್ದು 1990ರ ದಶಕದಲ್ಲಿ. ವೈದ್ಯಕೀಯ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋದವು. ಎಂಜಿನಿಯರಿಂಗ್ ಕಾಲೇಜುಗಳನ್ನು 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಪಡೆಯಿತು. ವಿಶ್ವೇಶ್ವರಯ್ಯನವರೇ ಕಟ್ಟಿದ ಯುವಿಸಿಇ ಮಾತ್ರ ಅವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಸೇರದೆ ಹಳೆಯ ಮನೆಯಲ್ಲೇ ಉಳಿಯಿತು. 2021ರ ಕಾಯ್ದೆಯಿಂದ ಅದೂ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ತುಮಕೂರು 2004ರಲ್ಲಿ ಬೇರೆಯಾಗಿತ್ತು. ಸಂಯೋಜಿತ ಕಾಲೇಜುಗಳ ಸಂಖ್ಯೆ ಆರುನೂರು ದಾಟಿ, ಪರೀಕ್ಷೆ ನಡೆಸುವುದೇ ವರ್ಷವಿಡೀ ಕೆಲಸವಾದಾಗ 2017ರಲ್ಲಿ ದೊಡ್ಡ ವಿಭಜನೆ ನಡೆಯಿತು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ (ಬಳಿಕ ನಗರ ವಿಶ್ವವಿದ್ಯಾಲಯ), ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾದವು. ಹುಟ್ಟಿದ ಮನೆಯನ್ನೇ ಬಿಟ್ಟುಕೊಟ್ಟ ಮೂಲ ವಿಶ್ವವಿದ್ಯಾಲಯ ಜ್ಞಾನಭಾರತಿಯಲ್ಲಿ ಉಳಿಯಿತು. ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳ ಆದಾಯ ಹಂಚಿಹೋಯಿತು. ನಿವೃತ್ತರ ಪಿಂಚಣಿಯ ಹೊರೆ ಬಹುಪಾಲು ಇದರ ಮೇಲೆಯೇ ಬಿತ್ತು.

ಇಂದಿನ ಸ್ಥಾನಮಾನವನ್ನು ಒಂದೇ ಮಾತಿನಲ್ಲಿ ಹೇಳಲಾಗದು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ 2023ರಲ್ಲಿ ಎ++ ಶ್ರೇಣಿ ನೀಡಿತು. ಮಂಜೂರಾದ ಬೋಧಕ ಹುದ್ದೆಗಳು ಮಾತ್ರ ಬಹಳಷ್ಟು ಖಾಲಿಯಿದ್ದು, ಪಾಠದ ದೊಡ್ಡ ಭಾಗವನ್ನು ಅತಿಥಿ ಉಪನ್ಯಾಸಕರು ನಡೆಸುತ್ತಾರೆ. ಆವರಣದ ರಸ್ತೆಯದು ಇನ್ನೊಂದು ತಕರಾರು. ಮೈಸೂರು ರಸ್ತೆಯಿಂದ ನಾಗರಬಾವಿಗೆ ಹೋಗುವ ವಾಹನಗಳಿಗೆ ಆವರಣದ ರಸ್ತೆಯೇ ಅಡ್ಡದಾರಿ. 2022ರ ಅಕ್ಟೋಬರ್‌ನಲ್ಲಿ ಆವರಣದೊಳಗೆ ಬಸ್ ಹರಿದು ವಿದ್ಯಾರ್ಥಿನಿಯೊಬ್ಬರು ಗಂಭೀರವಾಗಿ ಗಾಯಗೊಂಡು, ಬಳಿಕ ತೀರಿಕೊಂಡರು. ಹೊರಗಿನ ವಾಹನಗಳನ್ನು ಒಳಗೆ ಬಿಡಬಾರದೆಂದು ವಿದ್ಯಾರ್ಥಿಗಳು ರಸ್ತೆಯಲ್ಲೇ ಧರಣಿ ಕುಳಿತರು.