ಅಂತಃಕರಣ ಅನ್ನುವ ಸಲಕರಣೆ

ಮುಂಡರಗಿ ಬಸ್ಸಿನಲ್ಲಿ ಡಾಕ್ಟರಿಕಿಯೋ ನರ್ಸಿಂಗೋ ಕಲಿಯುವ ಹುಡುಗನೊಬ್ಬ ಫೋನಿನಲ್ಲಿ ಹಿಗ್ಗಿ ಹೇಳುತ್ತಿದ್ದ: ‘ಇವತ್ತ ಒಂದ ಛಲೋ ಕೇಸ್ ಬಂದಿತ್ತಪಾ!’ ಛಲೋ ಕೇಸ್ ಅಂದರೆ ಗುಣವಾಗಿ ಮನೆಗೆ ಹೋದವರಲ್ಲ, ಅಪರೂಪದ ಜಡ್ಡು ಬಂದು ಮಲಗಿದವರು. ಬಾಜೂಕಿದ್ದ ಅಜ್ಜಿ, ‘ಯಾರಿಗೇನಾಗೈತೋ ಪಾಪ. ಅಂತಃಕರಣ ಬ್ಯಾಡೇನ?’ ಅಂದರು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ವಾರ್ಡಿನ ಮಾತೇ ಈಗ ಹಾಗಾಗಿದೆ. ಹೆಸರಿದ್ದ ಮನುಷ್ಯ ಅಲ್ಲಿ ‘ಮೂರನೇ ಬೆಡ್ಡಿನ ಲಿವರ್’ ಆಗುತ್ತಾನೆ. ತರಗತಿಯಲ್ಲಿ ಕಲಿಸುವ ‘ಎಂಪಥಿ’ಗೆ ಪುಸ್ತಕದವರು ‘ಪರಾನುಭೂತಿ’ ಎಂದು ಹೆಸರಿಟ್ಟಿದ್ದಾರೆ. ಗದಗ-ಬೆಟಗೇರಿಯ ಯಾವ ಮನೆಯಲ್ಲೂ ಆ ಮಾತು ಕೇಳಿಲ್ಲ. ‘ಭಾಳ ಅಂತಃಕರಣದ ಡಾಕ್ಟರು’ ಅನ್ನಿ, ಶಿರಹಟ್ಟಿಯ ಜನ ನಾಲ್ಕು ಊರು ದಾಟಿ ಹೋಗುತ್ತಾರೆ.

ಶಾಸ್ತ್ರದಲ್ಲಿ ಅಂತಃಕರಣವೆಂದರೆ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ. ಅದನ್ನು ಕರುಣೆಯಾಗಿಸಿದವರು ಶ್ರಾವಣದಲ್ಲಿ ಮಠದ ಪುರಾಣ ಕೇಳಲು ಕೂತ ನಮ್ಮ ಹೆಣ್ಣುಮಕ್ಕಳು ಎಂಬುದು ನನ್ನ ಗಟ್ಟಿ ನಂಬಿಕೆ. ಒಳಗೊಂದು ಸಲಕರಣೆ ಇದೆ ಎಂದರು ಶಾಸ್ತ್ರಿಗಳು. ಇದ್ದರೆ ಅದು ಇನ್ನೊಬ್ಬರ ಸಂಕಟ ತಿಳಿಯಲಿಕ್ಕೇ ಇರಬೇಕು ಎಂದುಕೊಂಡರು ಇವರು.

‘ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರಿ’ ಎಂಬುದನ್ನು ದಡ್ಡರ ಗಾದೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬರೆ ಹಾಕಿದವನು ದಡ್ಡನಲ್ಲ, ಕಸುಬು ಬಲ್ಲವನು. ಕಬ್ಬಿಣ ಎಷ್ಟು ಕಾಯಬೇಕು, ಎಲ್ಲಿ ಎಳೆಯಬೇಕು ಎಲ್ಲಾ ಅವನಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಜ್ವರ ಯಾರಿಗೆ ಬಂದಿದೆ ಎಂಬುದು. ಗ್ವಾದಲಿಯ ಮುಂದೆ ತುಸು ನಿಂತು, ಯಾವುದು ಮೇವು ಬಿಟ್ಟಿದೆ ಎಂದು ನೋಡಿ, ಕಿವಿ ಮುಟ್ಟಿದ್ದರೆ ಸಾಕಿತ್ತು. ನಿಲ್ಲಲಿಲ್ಲ. ಎತ್ತಿನ ಜ್ವರ ಇಳಿಯಲಿಲ್ಲ, ಎಮ್ಮೆಗೆ ಗಾಯ ತಪ್ಪಲಿಲ್ಲ. ವಿದ್ಯೆ ಇದ್ದು ಅಂತಃಕರಣ ಇಲ್ಲದಿದ್ದರೆ ಆಗುವುದೇ ಇದು.

ಗದಗಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. 2019ರಿಂದ ದೇಶದ ಎಂಬಿಬಿಎಸ್ ಪಠ್ಯದಲ್ಲಿ ನಡತೆ, ನೀತಿ, ಮಾತುಕತೆಯ ಪಾಠ ಸೇರಿತು. ಆಮೇಲೆ ಹಳ್ಳಿಯ ಕುಟುಂಬಗಳನ್ನು ವಿದ್ಯಾರ್ಥಿಗಳು ದತ್ತು ಪಡೆಯುವ ಪದ್ಧತಿಯೂ ಬಂತು. ಒಳ್ಳೆಯದೇ ಆಯಿತು. ಆದರೆ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ 2009ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡದ್ದು ಬೇರೆಯೇ: ಅಲ್ಲಿನ ವಿದ್ಯಾರ್ಥಿಗಳ ಅಂತಃಕರಣ ಕುಗ್ಗಿದ್ದು ಮೂರನೇ ವರ್ಷ, ರೋಗಿಗಳ ಹತ್ತಿರ ಹೋಗುವ ಹೊತ್ತಿನಲ್ಲಿ! ಹಾಗಾದರೆ ಕಾಯಬೇಕಾದದ್ದು ವಾರ್ಡನ್ನು.

ರೋಗಿಯ ದೂರನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು ಎಂದು ವೈದ್ಯಕೀಯ ಪುಸ್ತಕಗಳೇ ಹೇಳುತ್ತವೆ. ಲಕ್ಷ್ಮೇಶ್ವರದ ತಾಯಿ ‘ಎದಿ ಹಾರತೈತಿ, ಕಣ್ಣಿಗೆ ಕತ್ತಲಿ ಬರತೈತಿ’ ಅಂದರೆ ಹಾಗೆಯೇ ಬರೆದುಕೊಳ್ಳಲಿ. ಬರೆದದ್ದನ್ನು ಓದಿ ಹೇಳಿ, ‘ಹೌದಲ್ಲೇನವ್ವಾ?’ ಎಂದು ಕೇಳಲಿ. ಹೊರರಾಜ್ಯದಿಂದ ಬಂದ ಹುಡುಗರೂ ಇಷ್ಟು ಕನ್ನಡ ಕಲಿಯಬಲ್ಲರು. ಆದರೆ ಕಿರಿಯರು ಕಲಿಯುವುದು ಕಂಡದ್ದನ್ನು; ಮೊದಲು ಹಾಗೆ ಕೇಳಿ ತೋರಿಸಬೇಕಾದವರು ವಾರ್ಡಿನ ಹಿರಿಯ ಡಾಕ್ಟರುಗಳು.